ಅತ್ತಿಗೆ ಎರೆದ ಲಕ್ಕಿ ನೀರು

ಪಕ್ಕದ ಮನೆಯಲ್ಲಿ ಹೆರಿಗೆಯಾಗಿದೆ. ಬೆಳಗಾಗುತ್ತಲೇ ಅವರ ಬಚ್ಚಲಿನಿಂದ ಲಕ್ಕಿ ಸೊಪ್ಪು ಕುದಿಯುವ ವಾಸನೆ ಗೋಡೆ ದಾಟಿ ಬರುತ್ತದೆ. ಕಹಿಯಾದ, ಒಂಚೂರು ಕರ್ಪೂರದಂಥ ಘಾಟು. ಚನ್ನಪಟ್ಟಣದ ಈ ಬೀದಿಯಲ್ಲಿ ಅದು ಮೂಗಿಗೆ ಬಡಿದರೆ ಎಲ್ಲರಿಗೂ ಬಾಣಂತಿ ನೆನಪಾಗುತ್ತಾಳೆ. ನನಗೆ ನೆನಪಾಗುವುದು ನನ್ನ ಅತ್ತಿಗೆ. ಜೊತೆಗೆ ಹೊಟ್ಟೆಯೊಳಗಿನ ಆ ಹಳೆಯ ಉರಿ...

ನನ್ನ ತವರು ಬೈರಾಪಟ್ಟಣ. ಅಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಬಾಣಂತಿಗೆ ನೀರೆರೆಯಲು ನಮ್ಮವ್ವನಿಗೇ ಕರೆ ಬರುತ್ತಿತ್ತು. ಹಿತ್ತಿಲಲ್ಲಿ ಆಳೆತ್ತರದ ಒಂದು ಲಕ್ಕಿ ಗಿಡ. ಬೆರಳು ಬಿಡಿಸಿದ ಅಂಗೈಯಂಥ ಎಲೆ, ಮೇಲೆ ಹಸಿರು, ಅಡಿಯಲ್ಲಿ ಬೂದಿ ಬಳಿದಂತೆ. ನೆಗಡಿಯಾದರೆ ಆ ಎಲೆ ತುಂಬಿದ ದಿಂಬಿನ ಮೇಲೆ ಮಲಗಿಸುತ್ತಿದ್ದರು. ಮಂಡಿ ನೋವಿಗೆ ಅದನ್ನೇ ಬಾಡಿಸಿ ಕಟ್ಟುತ್ತಿದ್ದರು. ರಾಗಿಗೆ ಹುಳ ಬೀಳದಿರಲೆಂದು ಒಣಸೊಪ್ಪು ಹಾಕಿಡುತ್ತಿದ್ದರು. ಸೊಪ್ಪು ಕೀಳುವುದು ನನ್ನ ಪಾಲಿನ ಕೆಲಸ. ಎರೆಯುವುದನ್ನು ಕಲಿಸು ಅಂದರೆ ಮಾತ್ರ ಅವ್ವ, “ನೀನು ಕೊಟ್ ಮನೆಗೆ ಹೋಗೋಳು ಕಣ್ ಮಗ. ಇದು ಈ ಮನೇಲೇ ಇರ್ಲಿ” ಅನ್ನುತ್ತಿದ್ದಳು.

ಅಣ್ಣನಿಗೆ ಕಬ್ಬಾಳಿನಿಂದ ಹೆಣ್ಣು ತಂದರು. ತಾಯಿಯಿಲ್ಲದೆ ಬೆಳೆದವಳು, ಮಾತು ಕಡಿಮೆ, ಅಗಲವಾದ ಅಂಗೈ. ಮುಂಗಾರಿನ ಮೊದಲ ಮಳೆ ಬಿದ್ದದ್ದೇ ತಡ, ಹಿತ್ತಿಲ ಲಕ್ಕಿಯಿಂದ ಹೆಬ್ಬೆರಳು ದಪ್ಪದ ಕಡ್ಡಿಗಳನ್ನು ಕಡಿದು, ಕೊಯ್ದ ತುದಿಗೆ ಸಗಣಿ ಮೆತ್ತಿ, ಹೊಲದ ಬದುವಿನುದ್ದಕ್ಕೂ ಓರೆಯಾಗಿ ನೆಟ್ಟಳು. ಒಣಗಿಹೋಗಲಿ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಎಲ್ಲವೂ ಚಿಗುರಿದವು.

“ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಇದನ್ನ ಮುಟ್ಟಕ್ಕಿಲ್ಲ ಕಣತ್ತೆ. ಬೇಲಿಗೆ ಬೇಲಿ, ಸೊಪ್ಪಿಗೆ ಸೊಪ್ಪು” ಅಂದಳು ಅವ್ವನಿಗೆ.

ಅವ್ವ ಕರಗಿಹೋದಳು. ಅಲ್ಲಿಂದ ಹೆರಿಗೆ ಮನೆಗೆ ಹೊರಟಾಗೆಲ್ಲ ಸೊಸೆಯನ್ನು ಜೊತೆಗೆ ಕರೆದೊಯ್ದಳು. ಒಂದು ದಿನ ಮಡಿಲ ತುಂಬ ಸೊಪ್ಪು ಕಿತ್ತುಕೊಂಡು ಬಾಣಂತಿ ಮನೆಯ ಬಚ್ಚಲ ಬಾಗಿಲಿಗೆ ಬಂದಿದ್ದೆ. ಒಳಗೆ ಅವ್ವ ಅವಳಿಗೆ, “ಹಂಗಲ್ಲ ಮಗ, ಹಿಂಗೆ” ಅನ್ನುತ್ತಿದ್ದಳು. ಮಗ! ನನ್ನನ್ನು ಕರೆಯುವ ಹಾಗೆಯೇ ಅವಳನ್ನೂ... ಸೊಪ್ಪನ್ನು ಅಲ್ಲೇ ಸುರಿದು ಹೊರಟುಬಿಟ್ಟೆ.

ನನ್ನನ್ನು ಮಾಗಡಿ ಕಡೆಗೆ, ಸಾವನದುರ್ಗದ ಬುಡದ ಊರಿಗೆ ಕೊಟ್ಟರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ, ಗಂಡು ಮಗು ಹುಟ್ಟಿತು. ಅಷ್ಟರಲ್ಲಿ ಅವ್ವ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಮೂಳೆ ಕೂಡಿತ್ತು, ಶಕ್ತಿ ಬಂದಿರಲಿಲ್ಲ. ಅತ್ತಿಗೆ ಹಂಡೆಗೆ ಉರಿ ಹಾಕಿ ಸೆರಗು ಸಿಕ್ಕಿಸಿ ನಿಂತಳು.

“ಎರೆದ್ರೆ ಅವ್ವನೇ ಎರೀಲಿ. ಇಲ್ದಿದ್ರೆ ನಾನು ಹಿಂಗೇ ಇರ್ತೀನಿ” ಅಂದೆ.

ಅವ್ವ ಬೈದುಕೊಂಡೇ ಚೊಂಬು ಎತ್ತಿದಳು. ಮಣಿಕಟ್ಟು ಸೋತು ಚೊಂಬು ಜಾರಿತು. ಬಿಸಿನೀರೆಲ್ಲ ಕಲ್ಲಿನ ಮೇಲೆ ಹರಿಯಿತು. ಅವ್ವ ತನ್ನ ಕೈಯನ್ನೇ ನೋಡುತ್ತ ಗೋಡೆಗೊರಗಿ ಕುಳಿತಳು. ಅತ್ತಿಗೆ ಅವಳನ್ನು ಎಬ್ಬಿಸಿ ಹಜಾರಕ್ಕೆ ಕರೆದೊಯ್ದು ಕೂರಿಸಿ ಬಂದಳು. ನನ್ನನ್ನು ಏನೂ ಕೇಳದೆ ನೀರು ಎತ್ತಿ ಹುಯ್ದಳು.

ನೆತ್ತಿಯಿಂದ ಇಳಿದ ನೀರು ಬೆನ್ನು, ನಡು, ತೊಡೆ ಎಲ್ಲವನ್ನೂ ಕಾಯಿಸಿತು. ಗಂಟು ಕಟ್ಟಿದ ಮೈ ಸಡಿಲಾಯಿತು. ಥೇಟ್ ಅವ್ವನ ಕೈ. ಅದಕ್ಕೇ ನನಗೆ ಅಳು ಬಂತು, ಸಿಟ್ಟೂ ಬಂತು.

“ನಮ್ಮವ್ವನ ಕೈ ಕಿತ್ಕಂಡಿದೀಯ ನೀನು” ಅಂದೆ.

ಅವಳು ಎರೆಯುವುದನ್ನು ನಿಲ್ಲಿಸಲಿಲ್ಲ. “ಹೊಟ್ಟೆಕಿಚ್ಚು ನಿಂಗೊಬ್ಬಳ್ಗೇ ಐತೆ ಅಂದ್ಕಂಡ್ಯಾ, ಅಮ್ಮಿ? ಊರ್ ಮಕ್ಕಳನ್ನೆಲ್ಲ ಕಾಲ್ ಮೇಲೆ ಹಾಕ್ಕಂಡು ಎರೀತೀನಿ. ಒರೆಸಿ, ಹೊಗೆ ಹಾಕಿ, ಅವರವ್ವನ ಮಡ್ಲಿಗೆ ಕೊಟ್ಬುಟ್ಟು ಬರಿಗೈಲಿ ಬತ್ತೀನಿ. ಈಗ ನಿನ್ ಮಗನ್ನೂ ಎರೆದು ನಿಂಗೇ ಕೊಡ್ಬೇಕು.”

ಹಬೆಯಲ್ಲಿ ಅವಳ ಮುಖ ಕಾಣಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ನಾನು ಮುಂದಿನ ಚೊಂಬಿಗೆ ತಲೆ ಬಗ್ಗಿಸಿದೆ. ಮಾರನೆಯ ದಿನ ಕರೆಯುವ ಮುಂಚೆಯೇ ಹೋಗಿ ಬಚ್ಚಲ ಕಲ್ಲಿನ ಮೇಲೆ ಕುಳಿತೆ.

ಊರೂರೇ ಜ್ವರದಲ್ಲಿ ಮಲಗಿದ ವರ್ಷ ಅವ್ವ ಹೋದಳು. ಅದಾದ ಮೇಲೆ, ಎಲ್ಲರೂ ಆಸೆ ಬಿಟ್ಟಿದ್ದಾಗ, ಅತ್ತಿಗೆ ಬಸಿರಾದಳು. ಹೆಣ್ಣು ಹುಟ್ಟಿತು. ಅವಳಿಗೆ ಎರೆಯುವವರು ಯಾರು? ಅಣ್ಣ ಗಾಡಿ ಕಳಿಸಿದ. ಅಲ್ಲಿಯವರೆಗೆ ನಾನು ಯಾರ ತಲೆಗೂ ಒಂದು ಚೊಂಬು ನೀರು ಹುಯ್ದವಳಲ್ಲ. ಅವಳೇ ಕಲ್ಲಿನ ಮೇಲೆ ಕುಳಿತು, ಹಸಿ ಮೈಯಲ್ಲಿ ನನಗೆ ಪಾಠ ಹೇಳಿದಳು.

“ಎಳೆ ಸೊಪ್ಪು ಬ್ಯಾಡ, ಬಲಿತಿದ್ದು ಹಾಕು... ಒಸಿ ಮೇಲಿಂದ ಹುಯ್ಯಿ... ಸೊಂಟದ ಮೇಲೆ ಧಾರೆ ನಿಲ್ಸು... ಸುಟ್ರೆ ಸುಡ್ಲಿ ಬುಡು.”

ಅವ್ವ ಕೊಡದೆ ಹೋದದ್ದನ್ನು ಅವಳು ಕೊಟ್ಟಳು. ಒಂದು ದಿನ ಕಣ್ಣು ಮುಚ್ಚಿಕೊಂಡು, “ಅತ್ತೆ ಕೈ ನಿಂಗೂ ಬಂದೈತೆ ಕಣಮ್ಮಿ” ಅಂದಳು. ಹಿಗ್ಗಿದೆ. ಹಿಗ್ಗಿದರೂ, ನನ್ನವ್ವನ ಕೈ ನನಗೆ ಇವಳ ಕೈ ದಾಟಿ ಬರಬೇಕಾಯಿತಲ್ಲ ಎಂದು ಒಳಗೊಳಗೇ ಬೆಂದೆ.

ಅವಳು ತೀರಿಕೊಂಡಾಗ ನಾನಿನ್ನೂ ಮಾಗಡಿ ಕಡೆಯೇ ಇದ್ದೆ. ಸುದ್ದಿ ಮುಟ್ಟಿದ ಕೂಡಲೇ ಆಗಿನ ಕ್ಲೋಸ್‌ಪೇಟೆ, ಈಗಿನ ರಾಮನಗರದವರೆಗೆ ಗಾಡಿ, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಒಂದೇ ಯೋಚನೆ, ಕೊನೆಯ ನೀರನ್ನು ನಾನೇ ಎರೆಯಬೇಕು. ಹೋಗುವಷ್ಟರಲ್ಲಿ ಅವಳ ಮಗಳು ಎರೆದು, ತಲೆ ಒರೆಸಿ, ಹೊಸ ಸೀರೆ ಹೊದಿಸಿದ್ದಳು. ಕೂದಲು ಇನ್ನೂ ಒದ್ದೆಯಿತ್ತು. ಆ ಹುಡುಗಿಯ ಮೇಲೆ ಎಂಥ ಹೊಟ್ಟೆಕಿಚ್ಚಾಯಿತೆಂದರೆ, ಅಳುವುದಕ್ಕೂ ತಡವಾಯಿತು...

ಈಗ ಈ ಊರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಸೊಸೆ ಒಳ್ಳೆಯವಳು, ನೆರೆಹೊರೆಯವರು ಒಳ್ಳೆಯವರು. ಯಾರು ಏನು ಕಲಿತರೂ, ಯಾರು ಯಾರಿಗೆ ಕಲಿಸಿದರೂ ನನ್ನ ಮನಸ್ಸು ಅಲುಗುವುದಿಲ್ಲ. ವಯಸ್ಸಾಯಿತಲ್ಲ, ಈಗ ಅಜ್ಜಿಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ ಅಂತ ಮೊಮ್ಮಕ್ಕಳು ಹೊಗಳುತ್ತಾರೆ. ಹೊಟ್ಟೆಕಿಚ್ಚು ಪಡುವಷ್ಟು ಹತ್ತಿರದವರು ಈಗ ಯಾರೂ ಉಳಿದಿಲ್ಲ.