ಶಂಕ್ರವ್ವನ ಫೀ ಮಾಫಿ

ಹಳಿಯಾಳದ ಮಾಮಲೇದಾರ ಕಚೇರಿಯ ಎದುರು, ಬೇವಿನ ಮರದ ಕೆಳಗೆ, ಮೂವತ್ತು ವರ್ಷದಿಂದ ಅರ್ಜಿ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಹೆಸರು ಚನಬಸಪ್ಪ. ಅಕ್ಷರ ದುಂಡಗೆ, ಬಾಯಿ ಹರಕು. ಅಕ್ಷರ ನಂಬಿ ಬಂದವರು ಬಾಯಿಗೆ ಹೆದರಿ ಎರಡು ಮಾರು ದೂರವೇ ನಿಲ್ಲುತ್ತಾರೆ. ಮೊನ್ನೆ ಮುಂಡಗೋಡದಿಂದ ಈರಕ್ಕ ಬಂದಿದ್ದಳು. ಅಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳ ತಾಯಿ ಶಂಕ್ರವ್ವ ತೀರಿಕೊಂಡು ತಿಂಗಳಾಗಿತ್ತು. "ಅವ್ವನ ಬಗ್ಗೆ ನಾಕು ಮಾತು ಬರದು ಕೊಡ್ರಿ ಕಾಕಾ, ಜ್ವಾಪಾನ ಇಟ್ಕೋತೇನಿ," ಅಂದಳು. ಆಗಲಿ ಅಂದೆ. ಅವಳು ಕೇಳಿದ್ದು ನಾಲ್ಕು ಒಳ್ಳೆಯ ಮಾತು. ಬರೆಯಲು ಕೂತರೆ ಕೈಗೆ ಬರುವುದು ಇದೊಂದೇ.

ಶಂಕ್ರವ್ವ ಮುರ್ಕವಾಡದ ಬಳೆಗಾರರ ಮನೆಯವಳು. ಗಂಡ ಶೇಖಪ್ಪ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಜೊಯಿಡಾದ ಕಾಡುಹಳ್ಳಿಗಳವರೆಗೂ ತಿರುಗುತ್ತಿದ್ದ. ಅದರಲ್ಲಿ ಏನೂ ಗಿಟ್ಟಲಿಲ್ಲ. ಐವತ್ತನಾಲ್ಕರ ಬೇಸಿಗೆಯಲ್ಲಿ ಗೋವೆಯ ಅದಿರಿನ ಗಣಿಗೆ ದುಡಿಯಲು ಹೋದ. ಬೇರೆಯವರ ಕೈಯಿಂದ ಬರೆಸಿದ ಎರಡು ಕಾಗದ ಬಂದವು, ಓದಿ ಹೇಳಿದವನು ನಾನೇ. ಮರುವರ್ಷ ಪೋರ್ತುಗೀಜರ ಗಡಿ ಮುಚ್ಚಿತು. ಕ್ಯಾಸಲ್‌ರಾಕಿನಿಂದ ಆಚೆ ರೈಲು ನಿಂತಿತು, ಶೇಖಪ್ಪನ ಕಾಗದವೂ ನಿಂತಿತು. ಇದ್ದಾನೋ ಇಲ್ಲವೋ ಹೇಳುವವರಿಲ್ಲ. ಶಂಕ್ರವ್ವ ಇದ್ದಾನೆಂದೇ ಹಿಡಿದಳು. ದಿನಾ ಕಾಸಿನಗಲ ಕುಂಕುಮ ಇಟ್ಟುಕೊಂಡು, ಗಂಡನ ಮಲಾರವನ್ನು ತಾನೇ ಹೊತ್ತು ಮನೆಮನೆಗೆ ಹೋಗಿ ಬಳೆ ಇಟ್ಟಳು.

ಬಳೆ ಇಡುವುದರಲ್ಲಿ ಅವಳನ್ನು ಮೀರಿಸುವವರು ಈ ಸೀಮೆಯಲ್ಲಿ ಇರಲಿಲ್ಲ. ಕೈಯನ್ನು ಒಮ್ಮೆ ಅಮುಕಿ ನೋಡಿದರೆ ಸಾಕು, ಅಳತೆ ಗೊತ್ತು. ನನ್ನ ಹೆಂಡತಿ ಮಹಾದೇವಕ್ಕನ ಕೈ ದಪ್ಪ. ಅವಳಿಗೂ ಒಂದು ಗೀರು ಬೀಳದಂತೆ ಮಾತಾಡಿಸುತ್ತ ಮಾತಾಡಿಸುತ್ತ ಬಳೆ ಏರಿಸಿಬಿಡುತ್ತಿದ್ದಳು. ಏಳುವಾಗ ನೆಲವನ್ನೆಲ್ಲ ಅಂಗೈಯಿಂದ ಸವರಿ, ಒಡೆದ ಚೂರುಗಳನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡೇ ಹೋಗುತ್ತಿದ್ದಳು. ಮಗಳ ಕೈಯನ್ನೂ ಹಾಗೆಯೇ ಹಿಡಿದು ನನಗೆ ತೋರಿಸಿದ್ದಳು. "ನೋಡ್ರಿ, ಇದು ರೊಟ್ಟಿ ಬಡಿಯೂ ಕೈ ಅಲ್ಲರಿ. ಬರಿಯೂ ಕೈ." ನಾನು ನಕ್ಕಿದ್ದೆ. ಆ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತಾರು ತಂದಾಗ ನನ್ನ ನಗು ನಿಂತಿತು.

ಅರವತ್ತರ ಜೂನ್. ಈರಕ್ಕ ಕಾಲೇಜಿಗೆ ಹೋಗಬೇಕು, ಕಾಲೇಜು ಧಾರವಾಡದಲ್ಲಿ. ಅಲ್ಲಿ ಶಂಕ್ರವ್ವನ ದೂರದ ಬಳಗದ ಗುರುಸಿದ್ದವ್ವ ಎಂಬ ಮುದುಕಿ ಉಣ್ಣಲಿಕ್ಕೆ, ಮಲಗಲಿಕ್ಕೆ ಜಾಗ ಕೊಡಲು ಒಪ್ಪಿದ್ದಳು. ಉಳಿದದ್ದು ಫೀ. ವರ್ಷಕ್ಕೆ ಇನ್ನೂರರ ಮೇಲೆ. ಶಂಕ್ರವ್ವ ತಲೆಯ ಮೇಲೆ ನಿಂತರೂ ಹುಟ್ಟದ ದುಡ್ಡು ಅದು. ಬಡವರ ಮಕ್ಕಳಿಗೆ ಸರಕಾರ ಫೀ ಮಾಫಿ ಮಾಡುತ್ತಿತ್ತು. ಅದಕ್ಕೊಂದು ಫಾರಂ, ತಂದೆಯ ಆದಾಯದ ದಾಖಲೆ, ಕೆಳಗೆ ತಂದೆಯ ಸಹಿ. ತಂದೆ ತೀರಿದ್ದರೆ ತಾಯಿಯ ಹೆಬ್ಬೆಟ್ಟು ಸಾಕು.

'ತಂದೆ ಊರಲ್ಲಿಲ್ಲ, ವಿಳಾಸ ತಿಳಿಯದು' ಎಂದು ಬರೆದು ಕಳಿಸಿದೆ. ವಾಪಸು ಬಂತು. 'ಗೋವೆಯ ಗಣಿಯಲ್ಲಿ ಕೂಲಿ' ಎಂದು ಬರೆದೆ. ಆ ಫಾರಂ ನೋಡಿದ ಗುಮಾಸ್ತ, "ಪರದೇಶದ ಗಳಿಕಿ ಎಷ್ಟಂತ ಬರದಿಲ್ಲಲ್ಲ?" ಎಂದು ಕೇಳಿದ. ಪರದೇಶವಂತೆ! ಅಲ್ಲಿ ಕೆಂಪು ಮಣ್ಣು ಹೊರುವವನ ಗಳಿಕೆ ಪರದೇಶದ ಗಳಿಕೆ. ಮೂರನೇ ಸಲವೂ ಫಾರಂ ತಿರುಗಿ ಬಂದ ದಿನ ಬಿಸಿಲು ಬಹಳವಿತ್ತು. ನನ್ನ ತಲೆ ಕೆಟ್ಟಿತ್ತು. ಎದುರಿಗೆ ಶಂಕ್ರವ್ವ ಕೂತು, "ಇನ್ನೇನರ ದಾರಿ ಐತೇನ್ರಿ ಅಣ್ಣಾರ?" ಎಂದು ನಾಲ್ಕನೇ ಬಾರಿ ಕೇಳಿದಳು.

"ನಿನ್ನ ಗಂಡ ಸತ್ತಿದ್ದರ ಎಲ್ಲಾ ಸಲೀಸಿತ್ತು ನೋಡವಾ," ಅಂದೆ.

ಅಂದದ್ದು ಇಷ್ಟೇ. ಬೀಡಿ ಹಚ್ಚಿಕೊಂಡು ಬೇರೆಯವರ ಕಾಗದ ಕೈಗೆತ್ತಿಕೊಂಡೆ. ಅವಳು ಮಲಾರ ಎತ್ತಿಕೊಂಡು ಹೋದಳು.

ಐದನೇ ದಿನ ಬಂದಳು. ಹಣೆಯಲ್ಲಿ ಬರೀ ವಿಭೂತಿ. ಕೊರಳಲ್ಲಿ ತಾಳಿ ಇಲ್ಲ, ಕೈ ಬೋಳು. ಮುಂಗೈಯಲ್ಲಿ ಗಾಜು ಗೀರಿದ ಹಸಿ ಗಾಯ. ನಾನು ಎದ್ದು ನಿಂತೆ. ಗೋವೆಯಿಂದ ಕದ್ದು ದಾಟಿ ಬಂದವನೊಬ್ಬ ದಾರಿಯಲ್ಲಿ ಸಿಕ್ಕು, ಗಣಿಯ ಮಣ್ಣು ಕುಸಿದು ಶೇಖಪ್ಪ ತೀರಿಕೊಂಡ ಎಂದು ಹೇಳಿದನೆಂದು ಅವಳು ಊರಿಗೆಲ್ಲ ಹೇಳಿದ್ದಳು. ಅಂಗಳದಲ್ಲಿ ಬಿದ್ದು ಅತ್ತಿದ್ದಳು. ಓಣಿಯ ಹೆಂಗಸರು ಕೂಡಿ ಬಳೆ ಒಡೆದಿದ್ದರು. ಪಂಚರು ಐದು ಜನ ಅವಳ ಹಣೆ ನೋಡಿ ಗಂಡ ತೀರಿದ್ದಾನೆಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಬೇರೆ ಸಾಕ್ಷಿ ಯಾರು ಕೇಳುತ್ತಾರೆ? ಗಂಡ ಬದುಕಿರುವಾಗ ತನ್ನ ಕುಂಕುಮ ತಾನೇ ಒರೆಸಿಕೊಳ್ಳುವ ಹೆಂಗಸು ಇದ್ದಾಳೆಂದು ಈ ನಾಡಿನಲ್ಲಿ ಯಾವ ಪಂಚನ ಮನಸ್ಸಿಗೂ ಬರುವುದಿಲ್ಲ.

"ಖರೇನ ಏನವಾ?" ಎಂದು ಕೇಳಿದೆ.

ಅವಳು ಆ ಕಡೆ ಈ ಕಡೆ ನೋಡಿ, "ನೀವs ಹೇಳಿದ್ರಲ್ಲರಿ," ಅಂದಳು.

ಬಾಯಿಗೆ ಬಂದಂತೆ ಬೈದೆ. ಮಗಳಿಗಾದರೂ ಹೇಳಿದ್ದೀಯೋ ಇಲ್ಲವೋ ಅಂದೆ. "ಇಲ್ಲರಿ. ಮೂರು ದಿನ ಅನ್ನ ಮುಟ್ಟಲಿಲ್ಲ ಅಕಿ. ಹೇಳಿಬಿಡಲಿ ಅಂತ ಬಾಯಿತನಕ ಬಂತು. ಹೇಳಿದ್ರ ಅಕಿ ಫಾರಂ ಹರದು ಒಗೀತಾಳ. ಈಗ ಬರೀರಿ ನೀವು." ನಾನು ಬರೆದೆ. ತಂದೆಯ ಹೆಸರಿನ ಮುಂದೆ 'ಮೃತ' ಎಂದು ದುಂಡಗೆ ಬರೆದೆ. ಹದಿನೈದು ದಿನದಲ್ಲಿ ಫೀ ಮಾಫಿ ಆಯಿತು. ಸುಳ್ಳೆಂದು ತಿಳಿದರೆ ಮಾಫಿಯಾದ ಫೀಯನ್ನೆಲ್ಲ ಕಕ್ಕಬೇಕು, ಹುಡುಗಿಯ ಹೆಸರು ಕಾಲೇಜಿನಿಂದ ಕಡಿಯುತ್ತಾರೆ ಎಂದು ಅವಳಿಗೆ ತಿಳಿಸಿ ಹೇಳಿದೆ. ಮುಂದೆ ಆದದ್ದಕ್ಕೆಲ್ಲ ಆ ಎಚ್ಚರಿಕೆಯೇ ಕಾರಣ ಎಂದು ಈಗ ಅನ್ನಿಸುತ್ತದೆ.

ಬೋಳು ಕೈಯವಳಿಂದ ಬಳೆ ಇಡಿಸಿಕೊಳ್ಳುವ ಮುತ್ತೈದೆ ಎಲ್ಲಿದ್ದಾಳೆ? ಮೊದಲ ವಾರದಲ್ಲೇ ಮನೆಗಳ ಬಾಗಿಲು ಮುಚ್ಚಿದವು. ನಮ್ಮ ಮಹಾದೇವಕ್ಕ ಕೂಡ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳಿಗೆ ಗುಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಶಂಕ್ರವ್ವ ಮಲಾರ ಮಾರಿ, ಭತ್ತ ಹುರಿದು ಅವಲಕ್ಕಿ ಕುಟ್ಟಲು ಶುರುಮಾಡಿದಳು. ಸಂತೆಯ ದಿನ ನನ್ನ ಪೆಟ್ಟಿಗೆಯ ಎದುರಿಗೇ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು.

ಅರವತ್ತೊಂದರ ಡಿಸೆಂಬರಿನಲ್ಲಿ ಗೋವೆ ನಮ್ಮದಾಯಿತು. ಪೇಟೆಯಲ್ಲಿ ಪೇಡೆ ಹಂಚಿದರು. ನಾನು ಪೇಡೆ ಕೈಯಲ್ಲೇ ಹಿಡಿದು ಶಂಕ್ರವ್ವನ ಮುಖ ನೋಡಿದೆ, ಅವಳು ಮುಖ ತಿರುಗಿಸಿದಳು.

ಜನವರಿಯ ಒಂದು ಸಂತೆಯ ದಿನ ಶೇಖಪ್ಪ ಬಂದ. ಗಡ್ಡ ಬಿಟ್ಟಿದ್ದ, ಅರ್ಧಕ್ಕರ್ಧ ಇಳಿದಿದ್ದ, ನಿಂತಲ್ಲೇ ಕೆಮ್ಮುತ್ತಿದ್ದ. ಧ್ವನಿ ಕೇಳದಿದ್ದರೆ ನನಗೂ ಗುರುತು ಸಿಗುತ್ತಿರಲಿಲ್ಲ. ಜೊಯಿಡಾದ ದಾರಿಯಲ್ಲಿ ನಡೆದು, ಲಾರಿ ಹತ್ತಿ, ಇಳಿದವನೇ ನನ್ನ ಹತ್ತಿರ ಬಂದಿದ್ದ. ಕಂಕುಳಲ್ಲಿ ತೆಂಗಿನ ನಾರು ಸುತ್ತಿದ ಒಂದು ಪೊಟ್ಟಣ. "ಮನಿಯಾಗ ಎಲ್ಲಾ ಆರಾಮ ಅದಾರೇನ್ರಿ ಅಣ್ಣಾರ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಎದುರಿಗೆ ಅವಲಕ್ಕಿ ಅಳೆಯುತ್ತಿದ್ದವಳನ್ನು ನೋಡಿದ. ಅವಳ ಹಣೆ ನೋಡಿದ, ಕೈ ನೋಡಿದ.

"ಯಾರು ಹ್ವಾದ್ರು?" ಎಂದು ನನ್ನನ್ನು ಕೇಳಿದ. ಪಾಪ, ತಿಳಿಯದೆ ಕೇಳಿದ. ಆಮೇಲೆ, "ನಾ ಇಲ್ಲೇ ನಿಂತೇನಲ್ಲರಿ," ಅಂದ.

ಶಂಕ್ರವ್ವ ಬುಟ್ಟಿ ಬಿಟ್ಟು ಎದ್ದು ಬಂದು, ಅರ್ಜಿ ಬರೆಸಲು ಬಂದವಳಂತೆ ನನ್ನ ಪೆಟ್ಟಿಗೆಯ ಪಕ್ಕ ಕೂತಳು. ಅವನ ಮುಖ ನೋಡದೆ ಎಲ್ಲ ಹೇಳಿದಳು. ಮಗಳ ತೊಂಬತ್ತಾರು ಹೇಳಿದಳು, ಅವಳದು ಬರೆಯುವ ಕೈ ಎಂದು ಹೇಳಿದಳು, ಮೂರು ಫಾರಂ ಹೇಳಿದಳು, ನನ್ನ ಮಾತು ಮಾತ್ರ ಹೇಳಲಿಲ್ಲ. ಅದನ್ನು ನಾನೇ ಹೇಳಿದೆ. ಅವನು ನನ್ನ ಕೆನ್ನೆಗೆ ಹೊಡೆಯಲಿ ಎಂದು ಕಾದೆ. ಹೊಡೆಯಲಿಲ್ಲ.

"ಇನ್ನ ಎಷ್ಟು ವರ್ಷದ ಕಲಿಕೀ ಅದು?" ಎಂದು ಕೇಳಿದ.

"ಅರವತ್ನಾಕರ ಬ್ಯಾಸಗಿಗೆ ಮುಗೀತದ," ಅಂದಳು. "ನೀವು ಮನಿಗೆ ಬಂದ್ರ ಅಕಿ ಹೆಸರು ಕಡೀತಾರ. ಮುಗೀಲಿ. ಮುಗದ ದಿನಾ ನಾನs ಬಂದು ಕರಕೊಂಡು ಹೋಗ್ತೇನಿ. ಹೋಗ್ರಿ ಈಗ." ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು.

"ಇಷ್ಟು ವರ್ಷ ಗಡಿ ತಡೀತು. ಇನ್ನ ಎರಡು ವರ್ಷ ನಾನs ತಡಕೋತೇನಿ, ಬಿಡು," ಅಂದ ಶೇಖಪ್ಪ. ಪೊಟ್ಟಣವನ್ನು ನನ್ನ ಪೆಟ್ಟಿಗೆಯ ಮೇಲಿಟ್ಟ. ಒಳಗೆ ಒಂದು ಡಜನ್ ಹಸಿರು ಬಳೆ. "ಅಕಿ ಅಳತೀವು. ನಿಮ್ಮ ಮನ್ಯಾಗ ಇರಲಿ."

ಆ ದಿನವೇ ಮಹಾದೇವಕ್ಕನಿಗೆ ಎಲ್ಲ ಹೇಳಿದೆ. ಅವಳು ನನ್ನೊಡನೆ ಎರಡು ತಿಂಗಳು ಮಾತು ಬಿಟ್ಟಳು. ಬಳೆಗಳನ್ನು ಮಾತ್ರ ಅಕ್ಕಿಯ ಗಡಿಗೆಯಲ್ಲಿ ಹುಗಿದು ಇಟ್ಟಳು.

ಶೇಖಪ್ಪ ದಾಂಡೇಲಿಗೆ ಹೋಗಿ ಬಿದಿರಿನ ಡಿಪೋ ಒಂದರಲ್ಲಿ ಕೂಲಿಗೆ ಸೇರಿದ. ಅಂಬೇವಾಡಿಯ ಅಂಚಿನಲ್ಲಿ ಮಿಂಗೇಲ್ ಎಂಬ ಸಿದ್ದಿ ಕೂಲಿಯವನ ಗುಡಿಸಲಿನಲ್ಲಿ ಉಳಿದ. ತಿಂಗಳಿಗೊಮ್ಮೆ ಸಂತೆಗೆ ಬರುತ್ತಿದ್ದ. ಹೆಂಡತಿಯ ಎದುರು ನಿಂತು ಒಂದು ಸೇರು ಅವಲಕ್ಕಿ ಕೊಳ್ಳುತ್ತಿದ್ದ, ಅಷ್ಟೇ. ಚೌಕಾಸಿ ಮಾಡದ ಗಿರಾಕಿ ಅವನೊಬ್ಬನೇ. ಅವಳು ಅಳೆಯುವುದನ್ನು ಬೇಕೆಂತಲೇ ತಡಮಾಡುತ್ತಿದ್ದಳು. ನನ್ನ ಕಣ್ಣೆದುರಿಗೆ ಗಂಡ ಹೆಂಡತಿ ಹೀಗೆ ಸಂಸಾರ ಮಾಡಿದರು, ಹದಿನಾರು ತಿಂಗಳು.

ಒಂದು ದೀಪಾವಳಿಗೆ ಈರಕ್ಕ ಊರಿಗೆ ಬಂದವಳು ತಾಯಿಯ ಬದಲು ತಾನೇ ಬುಟ್ಟಿಯ ಮುಂದೆ ಕೂತಿದ್ದಳು. ಅವನು ಬಂದ. ಅವನು ಊರು ಬಿಟ್ಟಾಗ ಮಗಳು ಹತ್ತು ವರ್ಷದವಳು, ಗುರುತು ಹೇಗೆ ಸಿಕ್ಕೀತು? "ಚೀಲ ಹಿಡೀರಿ ಕಾಕಾ," ಅಂದಳು. ಅವನು ಚೀಲ ತೆರೆಯುವುದನ್ನು ಮರೆತು ಅವಳ ಕೈಯನ್ನೇ ನೋಡಿದ. ಅವಳು ತಾನೇ ಚೀಲ ಹಿಡಿದು, ಸೇರು ಸುರಿದು, ಮೇಲೊಂದು ಹಿಡಿ ಹೆಚ್ಚಿಗೆ ಹಾಕಿದಳು. ಅವನು ದುಡ್ಡು ಕೊಟ್ಟ. ನನ್ನ ಹತ್ತಿರ ಬಂದು, "ಬರಿಯೂ ಕೈ ಖರೆ," ಅಂದು ಹೋದ.

ಅರವತ್ಮೂರರ ಜೂನ್, ಮಳೆ ಹಿಡಿದಿತ್ತು. ಬೆಳಿಗ್ಗೆ ಮಿಂಗೇಲ್ ನೆನೆದುಕೊಂಡು ನನ್ನನ್ನು ಹುಡುಕಿಕೊಂಡು ಬಂದ. "ಶೇಖಪ್ಪ ಹೋಗಿಬಿಟ್ಟರಿ. ಎದಿಯೊಳಗ ಕೆಮ್ಮು ಹೊಕ್ಕಿತ್ತು, ಆಮ್ಯಾಲೆ ಜ್ವರ. ನಿನ್ನ ಮಂದಿ ಯಾರರ ಅದಾರೇನು, ಕರಕೊಂಡು ಬರ್ತೇನಿ ಅಂದೆ. ಯಾರೂ ಇಲ್ಲ ಅಂದ. ಕಡೀಗೆ ನಿಮ್ಮ ಹೆಸರು ಒಂದ ಹೇಳಿದ." ಕೋಗಿಲಬನದ ಹತ್ತಿರ ಕಾಳಿ ನದಿಯ ದಂಡೆಗೆ ಡಿಪೋದ ಕೂಲಿಯವರೇ ನಾಲ್ಕು ಜನ ಹೊತ್ತು ಮಣ್ಣು ಮಾಡಿದ್ದರು. "ಕೊಳ್ಳಾಗ ಲಿಂಗ ಇತ್ತರಿ. ನಿಮ್ಮವರು ಕುಂದ್ರಿಸಿ ಮಣ್ಣು ಕೊಡ್ತಾರಂತ ಕೇಳಿದ್ದೆ. ನಾವೂ ಕುಂದ್ರಿಸೇ ಇಟ್ಟಿವಿ. ವಿಭೂತಿ ಇರಲಿಲ್ಲ, ಒಲಿ ಬೂದಿ ಹಚ್ಚಿದಿವಿ. ತಪ್ಪಾತೇನ್ರಿ?" ನಾನು ಅವನ ಎರಡೂ ಕೈ ಹಿಡಿದುಕೊಂಡೆ. ಅವನು ಒಂದು ಸಣ್ಣ ಗಂಟು ಕೊಟ್ಟ. ಬಿಚ್ಚಿದರೆ ಹುಳ ಹಿಡಿದ ಹಳೆಯ ಅವಲಕ್ಕಿ, ಒಂದು ಹಿಡಿ. "ದೀಪಾವಳಿಯಿಂದ ಇಟ್ಟಿದ್ದ, ಯಾರಿಗೂ ತಿನ್ನಾಕ ಬಿಡತಿರಲಿಲ್ಲರಿ," ಅಂದ ಮಿಂಗೇಲ್.

ಮಧ್ಯಾಹ್ನ ಶಂಕ್ರವ್ವ ಬಂದಳು, ಕೊನೆಯ ವರ್ಷದ ಫೀ ಮಾಫಿಯ ಫಾರಂ ಹಿಡಿದುಕೊಂಡು. ಮುಖದಲ್ಲಿ ಗೆಲುವಿತ್ತು. "ಇದೊಂದು ಬರದುಬಿಟ್ರ ಮುಗೀತರಿ ಅಣ್ಣಾರ," ಅಂದಳು. ನಾನು ಪೆನ್ನು ತೆಗೆಯಲಿಲ್ಲ. ಅವಳನ್ನು ಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಚ್ಚಿ, ಮಹಾದೇವಕ್ಕನ ಎದುರಿಗೆ ಹೇಳಿದೆ. ಗಂಟು ಕೊಟ್ಟೆ.

ಅವಳು ಅಳಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡಳು. ಮೂರು ವರ್ಷದ ಹಿಂದೆ ಸತ್ತ ಗಂಡನಿಗೆ ಇವತ್ತು ಅತ್ತರೆ ಓಣಿ ಏನೆಂದೀತು ಎಂಬ ಭಯ ಆ ಹೊತ್ತಿನಲ್ಲೂ ಅವಳಿಗೆ. ಆಮೇಲೆ ಸೆರಗು ತೆಗೆದು, "ಫಾರಂ ಬರೀರಿ. ನಾಳಿ ಕಡೀ ದಿನಾ," ಅಂದಳು. ಬರೆದೆ. ತಂದೆಯ ಹೆಸರು, ಅದರ ಮುಂದೆ ಅದೇ ಪದ. ನಾಲ್ಕನೇ ಸಲ ಬರೆಯುತ್ತಿದ್ದೆ, ಅಕ್ಷರ ಕೆಟ್ಟಿತು.

ಆಮೇಲೆ ಅವಳು ಮಹಾದೇವಕ್ಕನನ್ನು ಕೇಳಿದಳು, "ಅವು ಬಳಿ ಅದಾವೇನ್ರಿ?"

ಮಹಾದೇವಕ್ಕ ಅಕ್ಕಿಯ ಗಡಿಗೆಗೆ ಕೈ ಹಾಕಿ ತೆಗೆದು ಕೊಟ್ಟಳು. ಶಂಕ್ರವ್ವ ತಾನೇ ಹಾಕಿಕೊಂಡಳು, ಆ ಕೈಗೆ ಆರು, ಈ ಕೈಗೆ ಆರು. ಎಣ್ಣೆ ಬೇಕಾಗಲಿಲ್ಲ, ನೀರು ಬೇಕಾಗಲಿಲ್ಲ, ಅಳತೆ ಅಷ್ಟು ಸರಿಯಾಗಿತ್ತು. ಮಹಾದೇವಕ್ಕನ ಕುಂಕುಮದ ಬಟ್ಟಲಿನಿಂದ ಹಣೆಗೆ ಇಟ್ಟುಕೊಂಡಳು. ನಮ್ಮ ಗೋಡೆಯ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡಳು.

"ಆವಾಗ ಒಡಕೊಂಡದ್ದು ಫೀಸಿನ ಸಲುವಾಗಿ. ಅವರ ಸಲುವಾಗಿ ಒಡಿಯೂದು ಉಳದೈತಿ," ಅಂದಳು.

ನೆಲದ ಮೇಲೆ ಕೈ ಬಡಿದಳು. ಹೊರಗೆ ಮಳೆ ಜೋರಾಗಿತ್ತು, ಆ ಸದ್ದು ಓಣಿಗೆ ಕೇಳಲಿಲ್ಲ. ಮಹಾದೇವಕ್ಕ ಅವಳನ್ನು ತಬ್ಬಿಕೊಂಡು ಅತ್ತಳು, ನಾನು ಗೋಡೆಯ ಕಡೆ ತಿರುಗಿ ಅತ್ತೆ. ಕೊನೆಗೆ ಶಂಕ್ರವ್ವ ಹಣೆ ಒರೆಸಿಕೊಂಡು, ಮೊಣಕಾಲೂರಿ, ನಮ್ಮ ನೆಲವನ್ನೆಲ್ಲ ಅಂಗೈಯಿಂದ ಸವರಿದಳು. ಬಿಡವಾ, ನಾನು ಕಸ ಹೊಡೀತೇನಿ ಎಂದು ಮಹಾದೇವಕ್ಕ ಅಂದರೂ ಕೇಳಲಿಲ್ಲ. ಒಂದೊಂದೇ ಹಸಿರು ಚೂರು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. "ಯಾರರ ಕಾಲಿಗೆ ನಟ್ಟೀತರಿ," ಅಂದಳು. ಫಾರಂ ನೆನೆಯದಂತೆ ಎದೆಗೆ ಒತ್ತಿ ಹಿಡಿದು, ಧಾರವಾಡದ ಬಸ್ಸಿಗೆ ಹೋದಳು.