ಗುಡಿಸಿದವರದೇ ತಪ್ಪಂತೆ!

ಗೆಳೆಯರೇ, ಪಾಂಡವಪುರದ ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಇವತ್ತು, ಗುತ್ತಿಗೆ ಕೊಡಲು ಬಂದವರ ಎದುರೇ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ನಮ್ಮ ಕಂಪೈಲರ್ ಕೈಕೊಟ್ಟಿತು. ಅದನ್ನು ಬರೆದವನು ನಮ್ಮ ಜೊತೆಗಾರ, ನಾಗಮಂಗಲದ ಶಿವಣ್ಣ.

"ಆ ಕಸ ಗುಡ್ಸೋ ಪ್ರೋಗ್ರಾಮು ನನ್ ವಸ್ತುನೆಲ್ಲ ಎತ್ತಾಕ್ಬುಡ್ತು ಕಣ್ಲಾ!" ಅಂದ.

ಅದರ ಕೆಲಸವೇ ಅದು. ವರ್ಚುಯಲ್ ಮಶೀನು, ಅಂದರೆ ಕಂಪ್ಯೂಟರಿನೊಳಗೆ ಪ್ರೋಗ್ರಾಮಿನಿಂದಲೇ ಕಟ್ಟಿದ ಯಂತ್ರ, ಅದರ ಮೆಮೊರಿಯಲ್ಲಿ ಬೇಡದ್ದನ್ನು ಗುಡಿಸಿ, ಬೇಕಾದದ್ದನ್ನು ಒತ್ತಟ್ಟಿಗೆ ಸರಿಸಿ, ಹೊಸ ಜಾಗವನ್ನು ಪಟ್ಟಿಯಲ್ಲಿ ತಿದ್ದುತ್ತದೆ. ಕಂಪೈಲರ್ ಆ ಪಟ್ಟಿಯ ಮೂಲಕವೇ ವಸ್ತುವನ್ನು, ಅಂದರೆ ಅಲ್ಲಿಟ್ಟ ಮಾಹಿತಿಯನ್ನು, ಮುಟ್ಟಬೇಕು. ಈ ಮಹಾಶಯ ವಸ್ತು ಸರಿದ ಮೇಲೂ ಹಳೇ ವಿಳಾಸ ಹಿಡಿದು ಕೂತಿದ್ದ.

"ಪಟ್ಟಿ ಕೇಳಿ ಮುಟ್ಲಾ," ಅಂದೆ.

"ಕಸ ಗುಡ್ಸೋದನ್ನ ನಾನ್ಯಾಕ್ಲಾ ಕೇಳ್ಲಿ? ಗುಡ್ಸೋದನ್ನೇ ನಿಲ್ಲಿಸ್ತೀನಿ ಬುಡು."

ನಿಲ್ಲಿಸಿದ. ಕಸ ತುಂಬಿ ಯಂತ್ರವೇ ನಿಂತಿತು. ಬಂದವರು ಕಾಫಿಯನ್ನೂ ಮುಟ್ಟದೆ ಹೊರಟರು, ಗುತ್ತಿಗೆಯೂ ಹೋಯಿತು.

ಗುಡಿಸುವವರನ್ನೇ ಬೈಯುವ ಚಾಳಿ ಬೀದಿಯಿಂದ ಕಂಪ್ಯೂಟರಿನೊಳಕ್ಕೂ ಬಂತು. ಬೀದಿಯ ನಾತ ಕುಡಿದು ನಾವು ಬದುಕುತ್ತೇವೆ; ಯಂತ್ರಕ್ಕೆ ಅಷ್ಟು ನಾಚಿಕೆಗೇಡಿತನವಿಲ್ಲ.