ಕೂಡಿ ಬಾಳದ ಎರಡು ರ‍್ಯಾಮ್

ಗೆಳೆಯಾರ, ಇವತ್ತ ನಮ್ಮ ಡಿಟಿಪಿ ಅಂಗಡ್ಯಾಗ ಒಂದು ಮದುವಿ ನಿಂತ ಹೋಗೂ ಹಂಗ ಆಗಿತ್ತು. ಕಂಪ್ಯೂಟರ್ ಭಾಳ ನಿಧಾನ ಆಗೈತಂತ ಮುಂಜಾನೆ ಅದರೊಳಗಿನ ಮೆಮೊರಿ ಪಟ್ಟಿ, ಅಂದ್ರ ಹಳೇ ರ‍್ಯಾಮ್ ಬಾಜೂಕ ಬ್ಯಾರೆ ಕಂಪನಿದೊಂದು ಹೊಸಾ ರ‍್ಯಾಮ್ ಹಾಕಿದ್ದೆ. ಅಷ್ಟರಾಗ ಗರಗ ಊರಿನ ಕಾಕಾ ಒಬ್ಬರು ಮಗಳ ಮದುವಿ ಕಾರ್ಡ್ ನೋಡಾಕ ಬಂದ್ರು. ಸಂಜೀಕ ಅದು ಪ್ರೆಸ್ಸಿಗೆ ಹೋಗಬೇಕಿತ್ತು. ಕಾರ್ಡ್ ತೆಗೆಯೂದರಾಗ ಕಂಪ್ಯೂಟರ್ ಕಲ್ಲಾಗಿ ಕುಂತ ಬಿಡ್ತು. ಮತ್ತ ಚಾಲೂ ಮಾಡಿದ್ರ ಬರೇ ಕುಂಯ್ ಕುಂಯ್ ಅಂತ ಒದರಾಕತ್ತು.

"ಏನಾತ್ರೀ? ನನ್ನ ಮಗಳ ಮದುವಿ ಅದರಾಗ ಐತಿ!" ಅಂತ ಕಾಕಾ ಎದ್ದ ನಿಂತ್ರು.

ಹೊಸಾದು ತೆಗೆದು ಹಳೇದೊಂದ ಇಟ್ಟೆ, ನಡೀತು. ಹಳೇದು ತೆಗೆದು ಹೊಸಾದೊಂದ ಇಟ್ಟೆ, ಇನ್ನೂ ಛಲೋ ನಡೀತು. "ಎರಡೂ ಛಲೋ ಅದಾವ್ರಿ ಕಾಕಾ. ಆದ್ರ ಒಂದಕ್ಕೊಂದು ಆಗಿ ಬರೂದಿಲ್ಲ" ಅಂದೆ.

ಕಾಕಾಗ ಜೀವಾ ಬಂತು. "ನನ್ನ ತಮ್ಮ, ನನ್ನ ಹೇಣ್ತಿ ತಮ್ಮ ಹಿಂಗ ಅದಾರ ನೋಡ್ರಿ. ಕಾರ್ಡಿನ್ಯಾಗ ಅವರಿಬ್ಬರ ಹೆಸರು ಬಾಜೂಬಾಜೂಕ ಹಾಕಬ್ಯಾಡ್ರಿ ಮತ್ತ!"

ಒಬ್ಬರ ಹೆಸರು ಆ ಕಡೆ, ಒಬ್ಬರ ಹೆಸರು ಈ ಕಡೆ ಹಾಕಿ ಕಾರ್ಡ್ ಪ್ರೆಸ್ಸಿಗೆ ಕಳಿಸೇನಿ. ಹಳೇ ರ‍್ಯಾಮ್ ಟೇಬಲ್ಲಿನ ಖಾನ್ಯಾಗ ಇಟ್ಟೇನಿ. ಮದುವಿ ದಿನಾ ಕಾಕಾ ಆ ಇಬ್ಬರಾಗ ಒಬ್ಬರನ್ನ ಎಲ್ಲಿ ಇಡ್ತಾರೋ, ದೇವರಿಗೇ ಗೊತ್ತು.